ಗುಡಿಗೆ ಅಂಟಿದ ಮನೆ

ದೊಡ್ಡ ಊರಿನ ಸ್ಮಾರಕಕ್ಕೆ ಗೇಟು, ಟಿಕೆಟ್ಟು, ಗೈಡು ಎಲ್ಲ ಇರುತ್ತವೆ. ಸಣ್ಣ ಊರಿನ ಸ್ಮಾರಕಕ್ಕೆ ಅಕ್ಕಪಕ್ಕದ ಮನೆಯವರು ಇರುತ್ತಾರೆ. ನನಗೆ ಎರಡನೆಯದೇ ಜಾಸ್ತಿ ಇಷ್ಟ.

ಗದಗದ ಹತ್ತಿರದ ಲಕ್ಕುಂಡಿಯನ್ನೇ ನೋಡಿ. ಗುಡಿ ಎಲ್ಲಿದೆ ಅಂತ ಕೇಳಿದರೆ ‘ಯಾವ ಗುಡಿ ರೀ?’ ಅನ್ನಬೇಕಾದ ಊರು ಅದು. ನೂರೊಂದು ಗುಡಿ, ನೂರೊಂದು ಬಾವಿ ಅನ್ನುವುದು ಹಳೆಯ ಮಾತು. ಎಣಿಸಲು ಹೋಗಬೇಡಿ, ಸುಮ್ನೆ ನಂಬಿಬಿಡಿ.

ಇಲ್ಲಿನ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳೂ ಇವಳೇ. ಅದೂ ಓಲೆಗರಿಯ ಮೇಲೆ, ಕೈಯಲ್ಲಿ ಬರೆಸಿ! ಇವತ್ತು ಒಂದು ಕನ್ನಡ ಪುಸ್ತಕದ ಸಾವಿರ ಪ್ರತಿ ಖರ್ಚಾದರೆ ಪ್ರಕಾಶಕರ ಮನೆಯಲ್ಲಿ ಹಬ್ಬ. ಕಾಶಿವಿಶ್ವೇಶ್ವರ ಗುಡಿಯಲ್ಲಿ ಶಿವನೂ ಸೂರ್ಯನೂ ಎದುರುಬದುರು. ಬಳಪದ ಕಲ್ಲು ಮೆದು, ಹಾಗಾಗಿ ಅಲ್ಲಿನ ಬಾಗಿಲವಾಡದ ಕೆತ್ತನೆ ಅಷ್ಟು ನಯ. ಆದರೂ ನನ್ನ ಓಟು ಬಾವಿಗೇ. ಮಾಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿಯ ಮೆಟ್ಟಿಲ ಬದಿಯಲ್ಲಿ ಗುಡಿಯಂಥ ಪುಟ್ಟ ಪುಟ್ಟ ಗೂಡುಗಳಿವೆ. ನೀರು ತರುವ ಜಾಗಕ್ಕೂ ಇಷ್ಟು ಅಕ್ಕರೆ ಯಾಕೆ ಬೇಕಿತ್ತು ಹೇಳಿ?

ಇಂಥ ಊರುಗಳಲ್ಲಿ ಗುಡಿಯಷ್ಟೇ ಕಣ್ಣಿಗೆ ಬೀಳುವುದು ಪುರಾತತ್ವ ಇಲಾಖೆಯ ನೀಲಿ ಬೋರ್ಡು. ಅದರ ಹಿಂದಿರುವುದು 1958ರ ಕಾಯ್ದೆ. ಅದಕ್ಕೆ 2010ರಲ್ಲಿ ಆದ ತಿದ್ದುಪಡಿ ಇನ್ನೂ ಬಿಗಿ. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸದಾಗಿ ಏನೂ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಹೊಲದ ನಡುವೆ ಒಂಟಿ ಗುಡಿ ಇದ್ದರೆ ತೊಂದರೆಯಿಲ್ಲ. ಓಣಿಗೊಂದು ಗುಡಿ ಇದ್ದರೆ ಒಂದರ ಗಡಿ ಮುಗಿಯುವ ಮೊದಲೇ ಇನ್ನೊಂದರದು ಶುರು. ಮಗನ ಮದುವೆ ಮುಂಚೆ ಒಂದು ಕೋಣೆ ಹಾಕಿಸೋಣ ಅಂದವರು ಏನು ಮಾಡಬೇಕು? ಕಾಯ್ದೆ ಬೇಡ ಅಂತಲ್ಲ. ಅದಿಲ್ಲದಿದ್ದರೆ ಎಷ್ಟೋ ಕಂಬಗಳು ಯಾರದೋ ಮನೆಯ ಪಾಯ ಸೇರುತ್ತಿದ್ದವು. ಆದರೆ ಹೆಮ್ಮೆ ಇಡೀ ನಾಡಿಗೆ, ಇಕ್ಕಟ್ಟು ಮಾತ್ರ ಪಕ್ಕದ ಮನೆಗೆ ಅನ್ನುವುದು ಯಾವ ನ್ಯಾಯ?

ಇದೆಲ್ಲ ಗೊತ್ತಿಲ್ಲದೆ ನಾವು ಭಾನುವಾರ ಹೋಗಿ, ಫೋಟೋಗೆ ಎಮ್ಮೆ ಅಡ್ಡ ಬಂತು ಅಂತ ಗೊಣಗುತ್ತೇವೆ. ಅದಕ್ಕೊಂದು ಹೊಸ ಕೊಟ್ಟಿಗೆ ಕಟ್ಟೋಣ ಅಂದರೂ ಪಾಪ, ಎಮ್ಮೆಯ ಮನೆಯವರು ನೂರು ಮೀಟರ್ ಆಚೆ ಜಾಗ ಹುಡುಕಬೇಕಲ್ವಾ?