ಕಾಯಕದ ಫೋಟೊವೇ ಕೈಲಾಸ

ಬಸವಣ್ಣ ಹುಟ್ಟಿದ ಬಸವನ ಬಾಗೇವಾಡಿ ಇರೋದು ನಮ್ಮ ವಿಜಯಪುರ ಜಿಲ್ಲೆಯಲ್ಲೇ. ಹಾಗಾಗಿ ಕಾಯಕದ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಕಾಯಕವೇ ಕೈಲಾಸ ಅಂದರು ಶರಣರು. ಪಾಪ, ಆಗ ಫೋನ್ ಇರಲಿಲ್ಲ. ಈಗ ಇದೆ. ಅದಕ್ಕೇ ಆ ಮಾತನ್ನು ಸ್ವಲ್ಪ ಅಪ್‌ಡೇಟ್ ಮಾಡಿಕೊಂಡಿದ್ದೇವೆ: ಕಾಯಕ ಇರಲಿ ಬಿಡಲಿ, ಫೋಟೊ ಅಪ್‌ಲೋಡ್ ಆಗಲಿ.

ಉದ್ಯೋಗ ಖಾತ್ರಿ ಕೆಲಸ ನಡೆಯೋ ಜಾಗಕ್ಕೆ ಬೇಸಿಗೆಯಲ್ಲಿ ಒಮ್ಮೆ ಹೋಗಿ ನೋಡಿ. ಕೆರೆ ಹೂಳು ತೆಗೆಯೋದು, ಬದು ಹಾಕೋದು, ಕೃಷಿ ಹೊಂಡ ತೋಡೋದು, ಇಂಥವೇ ಕೆಲಸ. ಬಿಸಿಲು 40 ಡಿಗ್ರಿ ದಾಟಿರುತ್ತೆ. ಅಲ್ಲಿ ಎಲ್ಲರಿಗಿಂತ ಜಾಸ್ತಿ ಬೆವರುವವರು ಗುದ್ದಲಿ ಹಿಡಿದವರಲ್ಲ, ಫೋನ್ ಹಿಡಿದವರು. ಹಾಜರಿ ಹಾಕೋ ಇವರಿಗೆ ಬೇರೆ ರಾಜ್ಯಗಳಲ್ಲಿ ಮೇಟ್ ಅಂತಾರೆ, ನಮ್ಮಲ್ಲಿ ಕಾಯಕ ಬಂಧು. 2023ರ ಜನವರಿ 1ರಿಂದ ಎನ್‌ಎಂಎಂಎಸ್ ಅನ್ನೋ ಹಾಜರಿ ಆ್ಯಪ್ ಕಡ್ಡಾಯವಾಯಿತು. ದಿನಕ್ಕೆ ಕೂಲಿಕಾರರ ಎರಡು ಫೋಟೊ, ಅದೂ ಜಾಗದ ಗುರುತಿನ ಸಮೇತ. ಬೆಳಿಗ್ಗೆ ಒಂದು, ನಾಲ್ಕು ತಾಸು ಬಿಟ್ಟು ಇನ್ನೊಂದು. ಫೋಟೊ ಹೋಗಲಿಲ್ಲ ಅಂದ್ರೆ ಆವತ್ತಿನ ಕೂಲಿ ಹೋಯ್ತು. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದಲ್ಲಿ ಆ ಕೂಲಿ 370 ರೂಪಾಯಿ ಆಗಿತ್ತು.

ಫೋಟೊ ತೆಗೆಯೋ ಹೊತ್ತಿಗೆ ನಡೆಯೋ ಮಾತುಕತೆ ಕೇಳೋಕೆ ಚಂದ.

"ಅವ್ವಾ, ಆ ಬುಟ್ಟಿ ಕೆಳಗಿಡು, ಮುಖ ಕಾಣವಲ್ದು."

"ಬುಟ್ಟಿ ಇಟ್ರ ನಾ ಕೆಲಸ ಮಾಡೀನಿ ಅಂತ ಅವರಿಗೆ ಹೆಂಗ ಗೊತ್ತಾಗಬೇಕೋ?"

"ಅವರಿಗೆ ಕೆಲಸ ಕಾಣೂದು ಬ್ಯಾಡಬೇ, ಮುಖ ಕಂಡ್ರ ಸಾಕು."

ನೆಟ್‌ವರ್ಕ್ ಇಲ್ಲದಿದ್ದರೆ ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಕಳಿಸಬಹುದು. ಆಮೇಲೆ ಅಂದರೆ ಕೆರೆ ಏರಿ ಹತ್ತಿ, ಏರಿ ಮೇಲಿನ ಜಾಲಿ ಗಿಡದ ಪಕ್ಕ ನಿಂತು, ಫೋನನ್ನು ಆರತಿ ತಟ್ಟೆ ಹಿಡಿದಂತೆ ಎತ್ತಿ ಹಿಡಿದು, ಒಂದು ಗೆರೆ ಸಿಗ್ನಲ್ ಬಂದಾಗ ಉಸಿರು ಬಿಗಿಹಿಡಿದು ಒತ್ತಬೇಕು. ಆ ಹೊತ್ತಿಗೆ ಸರಿಯಾಗಿ ಬ್ಯಾಟರಿ ಮುಗಿದಿರುತ್ತೆ ಅಂತ ಬೇರೆ ಹೇಳಬೇಕಿಲ್ಲ. ಹೂಳು ಎತ್ತೋ ತ್ರಾಸಿಗಿಂತ ಹೂಳಿನ ಫೋಟೊ ಎತ್ತೋ ತ್ರಾಸೇ ದೊಡ್ಡದು. ಹೂಳು ತೆಗೆಯೋ ಕೆಲಸ ಎಲ್ಲಿಗೆ ಬಂತಪ್ಪಾ ಅಂತ ಯಾರಾದರೂ ಕೇಳಿದರೆ ಒಂದೇ ಉತ್ತರ: "ತೆಗದೀವ್ರೀ ಸರ, ಅಪ್‌ಲೋಡ್ ಆಗೂದಷ್ಟ ಬಾಕಿ."

ಇಷ್ಟೆಲ್ಲ ಯಾಕೆ? ಸುಳ್ಳು ಹಾಜರಿ ತಡೆಯೋಕೆ. ಸುಳ್ಳು ಹಾಜರಿ ಇರಲಿಲ್ಲ ಅಂತ ನಾನೂ ಹೇಳಲ್ಲ. ಇತ್ತು, ಧಾರಾಳವಾಗಿ ಇತ್ತು. ಹಾಜರಿ ಪುಸ್ತಕದಲ್ಲಿ ಸತ್ತವರೂ ಗುದ್ದಲಿ ಹಿಡಿದು ನಿಂತಿರುತ್ತಿದ್ದರು. ಆ್ಯಪ್ ಬಂದ ಮೇಲೆ ಸತ್ತವರಿಗೆ ಸ್ವಲ್ಪ ಕಷ್ಟವಾಯಿತು, ನಿಜ. ಬದುಕಿರೋ ಕಳ್ಳರಿಗೆ ಮಾತ್ರ ಏನೂ ಆಗಲಿಲ್ಲ.

2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಒಂದು ಪತ್ರ ಬರೆಯಿತು. ಆ್ಯಪನ್ನು ಹೇಗೆಲ್ಲ ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆ ಅಂತ ಅದರಲ್ಲಿ ಬಿಡಿಸಿ ಬರೆದಿತ್ತು. ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೊ ಹಾಕ್ತಾರಂತೆ. ಹಳೇ ಫೋಟೊದ ಫೋಟೊ ತೆಗೆದು ಹಾಕ್ತಾರಂತೆ. ಒಬ್ಬನೇ ಕೂಲಿಕಾರ ಹಲವು ಹಾಜರಿ ಪಟ್ಟಿಗಳಲ್ಲಿ ಕಾಣಿಸಿಕೊಳ್ಳುತ್ತಾನಂತೆ. ಪಟ್ಟಿಯಲ್ಲಿ ಇಷ್ಟು ಹೆಂಗಸರು ಅಂತಿರುತ್ತೆ, ಫೋಟೊದಲ್ಲಿ ಲೆಕ್ಕವೇ ಬೇರೆ. ಈ ಕೊನೆಯದಕ್ಕೆ ನೆರೆಯ ಯಾದಗಿರಿ ಜಿಲ್ಲೆಯವರು ಅದೇ ವರ್ಷ ಸೊಗಸಾದ ಪರಿಹಾರ ಕಂಡುಕೊಂಡಿದ್ದರು. ಗಂಡಸರೇ ಸೀರೆ ಉಟ್ಟು, ಸೆರಗು ಹೊದ್ದು ಸಾಲಾಗಿ ನಿಂತು ಫೋಟೊ ಹೊಡೆಸಿಕೊಂಡ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು. ನಮ್ಮ ಕಡೆ ಸಣ್ಣಾಟ, ದೊಡ್ಡಾಟದಲ್ಲಿ ಗಂಡಸರು ಹೆಣ್ಣಿನ ವೇಷ ಹಾಕೋದು ಹೊಸದೇನಲ್ಲ. ಆ ಕಲಾವಿದರು ಮಾಸಾಶನಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಅಲೆಯುತ್ತಾರೆ, ಇಲ್ಲಿ ನೋಡಿದರೆ ಒಂದು ಕ್ಲಿಕ್ಕಿಗೆ ಕೂಲಿ. ಅಂದಹಾಗೆ, ಈ ಹಾಜರಿ ಫೋಟೊಗಳನ್ನು ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಅಷ್ಟು ಪಾರದರ್ಶಕ. ನೋಡೋರು ಇರಬೇಕಲ್ಲ!

ಆ ಪತ್ರ ಸೂಚಿಸಿದ ಔಷಧಿ ಏನು ಗೊತ್ತಾ? ಗ್ರಾಮ ಪಂಚಾಯಿತಿಯಲ್ಲಿ ಎಲ್ಲ ಫೋಟೊಗಳನ್ನೂ, ಒಂದನ್ನೂ ಬಿಡದೆ, ಮನುಷ್ಯರೇ ಕೂತು ನೋಡಬೇಕು. ಅಂದರೆ ಪಂಚಾಯಿತಿಯವರನ್ನು ನಂಬೋಕಾಗಲ್ಲ ಅಂತ ಆ್ಯಪ್ ತಂದರು, ಆಮೇಲೆ ಆ್ಯಪನ್ನು ನಂಬೋಕಾಗಲ್ಲ ಅಂತ ಅದೇ ಪಂಚಾಯಿತಿಯವರನ್ನು ಕಾವಲಿಗೆ ಕೂರಿಸಿದರು. ಕೆರೆಗೆ ಹೋಗಿ ಒಂದು ಸಲ ನೋಡಿಕೊಂಡು ಬನ್ನಿ ಅಂತ ಮಾತ್ರ ಯಾರೂ ಹೇಳಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದೊಂದು ಊರ ಜಗಳ ಆಗಿರುತ್ತಿತ್ತು. ಆದರೆ ಇಂಟರ್ನೆಟ್ಟಿಗೆ ಹೋದದ್ದು ಅಲ್ಲೇ ಕೂರಲ್ಲ. ಫೋಟೊ ಹಾಜರಿಯಾಗುತ್ತೆ, ಹಾಜರಿ ಅಂಕಿಯಾಗುತ್ತೆ, ಅಂಕಿ ಸರ್ಕಾರಿ ವೆಬ್‌ಸೈಟಿನ ಡ್ಯಾಶ್‌ಬೋರ್ಡ್ ಮೇಲೆ ಬಣ್ಣದ ಕಂಬವಾಗಿ ನಿಲ್ಲುತ್ತೆ. ಅಲ್ಲಿಗೆ ಬರುತ್ತಾರೆ ನಮ್ಮ ಸಂಶೋಧಕರು. ಗ್ರಾಮೀಣ ಮಹಿಳೆಯರ ಮೇಲೆ ಉದ್ಯೋಗ ಖಾತ್ರಿಯ ಪರಿಣಾಮ ಅಂತ ವಿಷಯ. ಮೊದಲಾದರೆ ಇಂಡಿ, ಸಿಂದಗಿ, ತಾಳಿಕೋಟೆ ಅಂತ ಕೆಂಪು ಬಸ್ಸು ಹತ್ತಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು, ಬೈಸಿಕೊಂಡು ಮಾಹಿತಿ ತರಬೇಕಿತ್ತು. ಈಗ ರೂಮಿನಲ್ಲೇ ಫ್ಯಾನ್ ಕೆಳಗೆ ಕೂತು ಡೌನ್‌ಲೋಡ್ ಮಾಡಿದರಾಯಿತು. ಈ ಯೋಜನೆಯಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಂಗಸರಿರಬೇಕು ಅಂತ 2005ರ ಕಾನೂನು ಹೇಳಿತ್ತು. ಡ್ಯಾಶ್‌ಬೋರ್ಡ್ ನೋಡಿದರೆ ಅದನ್ನೆಲ್ಲ ದಾಟಿ ಎಲ್ಲೋ ಹೋಗಿದ್ದೇವೆ. ತೀರ್ಮಾನ: ಮಹಿಳಾ ಸಬಲೀಕರಣ ಗಮನಾರ್ಹವಾಗಿ ಹೆಚ್ಚಿದೆ.

ಆ ಹೆಂಗಸರಲ್ಲಿ ಕೆಲವರಿಗೆ ಮೀಸೆ ಇತ್ತು ಅನ್ನೋದು ಅಡಿಟಿಪ್ಪಣಿಯಲ್ಲೂ ಬರಲ್ಲ. ಹಾಗಂತ ಪರೀಕ್ಷೆ ಇಲ್ಲ ಅಂದುಕೊಳ್ಳಬೇಡಿ. ಬೇರೆಯವರ ವಾಕ್ಯ ಕದ್ದರೆ ಸಾಫ್ಟ್‌ವೇರ್ ಹಿಡಿಯುತ್ತೆ. 2018ರ ಯುಜಿಸಿ ನಿಯಮದ ಪ್ರಕಾರ 10 ಪರ್ಸೆಂಟ್‌ವರೆಗೆ ಹೋಲಿಕೆ ಇದ್ದರೆ ಮಾಫಿ, ಅದರ ಮೇಲೆ ಹೋದರೆ ಕಷ್ಟ. ಸೀರೆ ಉಟ್ಟ ಗಂಡಸನ್ನು ಸಬಲ ಮಹಿಳೆ ಅಂತ ಸ್ವಂತ ವಾಕ್ಯದಲ್ಲಿ ಬರೆದರೆ? ಹೋಲಿಕೆ ಸೊನ್ನೆ. ಪಕ್ಕಾ ಸ್ವಂತ ಸಂಶೋಧನೆ. ಆಮೇಲೆ ಆ ಪ್ರಬಂಧವನ್ನು ಇನ್ನೊಬ್ಬರು ಉಲ್ಲೇಖಿಸುತ್ತಾರೆ, ಅವರನ್ನು ಮತ್ತೊಬ್ಬರು. ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳುತ್ತೆ ಅಂತ ಗೈಡ್‌ಗಳು ಹೇಳುತ್ತಾರಲ್ಲ, ಹಾಗೆ ಒಂದೇ ಅಂಕಿ ಏಳು ಪ್ರಬಂಧಗಳಲ್ಲಿ ಮೊಳಗಿ, ಏಳು ಜನ ಬೇರೆ ಬೇರೆ ಹೇಳಿದ ಸತ್ಯ ಅನ್ನಿಸಿಕೊಳ್ಳುತ್ತೆ.

ಬೆಳೆ ಸಮೀಕ್ಷೆಯ ಕಥೆಯೂ ಇದೇ. ನಮ್ಮ ಡೋಣಿ ಹೊಳೆ ಬಗ್ಗೆ, ಡೋಣಿ ಹರಿದರೆ ಓಣಿ ತುಂಬ ಜೋಳ ಅನ್ನೋ ಸೀಮೆ ನಮ್ಮದು. ಈಗ ಜೋಳ ಹೊಲದಲ್ಲಿ ಬೆಳೆದರೆ ಸಾಲದು, ಆ್ಯಪ್‌ನಲ್ಲೂ ಬೆಳೀಬೇಕು. ಸಮೀಕ್ಷೆಗೆ ಬಂದವನು ಬಿಸಿಲಿಗೆ ಹೆದರಿ ರಸ್ತೆ ಅಂಚಿಂದಲೇ ಫೋಟೊ ಹೊಡೆದು ಹೋದರೆ ಮುಗೀತು. "ಹೊಲದಾಗ ತೊಗರಿ ಐತ್ರೀ, ಸರ್ವರ್‌ದಾಗ ಕಬ್ಬ ಐತಿ" ಅಂತ ರೈತ ಕಚೇರಿಯಿಂದ ಕಚೇರಿಗೆ ಓಡಾಡುತ್ತಾನೆ. ಬೆಳೆ ತಾಳೆಯಾಗದಿದ್ದರೆ ವಿಮೆ ಇಲ್ಲ, ಬೆಂಬಲ ಬೆಲೆ ಖರೀದಿಯೂ ಇಲ್ಲ. ಹೊಲ ಬಂದು ನೋಡ್ರಿ ಅಂದರೆ, ಹೊಲ ಹೇಗಾದರೂ ಇರಲಿ, ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ ಅಂತಾರೆ. ಎಕರೆಗಟ್ಟಲೆ ಕಪ್ಪು ಮಣ್ಣೇ ಸುಳ್ಳು ಸಾಕ್ಷಿ ಹೇಳುತ್ತಿದೆಯೇನೋ ಅನ್ನೋ ಹಾಗೆ!

ಇನ್ನು ನೀತಿ ಮಾಡೋರು. ಅವರು ಡ್ಯಾಶ್‌ಬೋರ್ಡನ್ನೂ ನೋಡುತ್ತಾರೆ, ಪ್ರಬಂಧದ ಸಾರಾಂಶವನ್ನೂ ಓದುತ್ತಾರೆ. ಎರಡೂ ಒಂದೇ ಮಾತು ಹೇಳುತ್ತವೆ. ಹೇಳದೆ ಏನು ಮಾಡ್ತಾವೆ, ಎರಡರ ತಾಯಿಯೂ ಅದೇ ಫೋಟೊ ಅಲ್ವಾ? 2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತ್ರಿಯ ಜಾಗಕ್ಕೆ ಹೊಸ ಕಾನೂನನ್ನೇ ಪಾಸು ಮಾಡಿತು. 100 ದಿನ ಇದ್ದದ್ದು ಕಾಗದದ ಮೇಲೆ 125 ಆಯಿತು. ಜೊತೆಗೆ ಬಯೊಮೆಟ್ರಿಕ್, ಮೊಬೈಲ್ ನಿಗಾ, ಕಳ್ಳತನ ಹಿಡಿಯೋಕೆ ಕೃತಕ ಬುದ್ಧಿಮತ್ತೆ. ಆ್ಯಪಿಗೆ ಬಂದ ಕಾಯಿಲೆಗೆ ಇನ್ನೂ ದೊಡ್ಡ ಆ್ಯಪೇ ಮದ್ದು.

ನನಗಿರೋ ಕುತೂಹಲ ಇಷ್ಟೇ. ಈ ಬುದ್ಧಿಮತ್ತೆಗೆ ಕೂಲಿಕಾರರು ಹೇಗಿರುತ್ತಾರೆ ಅಂತ ಯಾರೋ ಕಲಿಸಬೇಕು. ಏನು ತೋರಿಸಿ ಕಲಿಸುತ್ತಾರೆ? ಸರ್ವರ್‌ನಲ್ಲಿ ಕೋಟಿಗಟ್ಟಲೆ ಹಳೇ ಫೋಟೊ ಬಿದ್ದಿವೆಯಲ್ಲ, ಅವನ್ನೇ ತೋರಿಸಿದರೆ ಅದು ಶ್ರದ್ಧೆಯಿಂದ ಕಲಿಯುತ್ತೆ. ಇಸ್ತ್ರಿ ಮಡಿಕೆ ಮಾಸದ ಸೀರೆ, ಮಣ್ಣು ತಾಗದ ಗುದ್ದಲಿ, ಕ್ಯಾಮೆರಾ ಕಡೆ ತಿರುಗಿದ ನಗುಮುಖ, ಹಿಂದೆ ಕಳೆದ ವರ್ಷದ ಕೆರೆ. ಇದು ಅಸಲಿ ಕೂಲಿಕಾರರ ಗುರುತು. ಮುಂದೊಂದು ದಿನ ಒಬ್ಬ ಹೆಣ್ಣುಮಗಳು ಮಂಡಿಮಟ ಕೆಸರಾಗಿ, ತಲೆ ಮೇಲೆ ತುಂಬಿದ ಬುಟ್ಟಿ ಹೊತ್ತು, ಬೆವರು ಒರೆಸಿಕೊಳ್ಳೋಕೂ ಕೈ ಬಿಡುವಿಲ್ಲದೆ ಅದರ ಮುಂದೆ ನಿಲ್ಲುತ್ತಾಳೆ. ಫೋನ್ ಕೆಂಪಗಾಗುತ್ತೆ.

"ಯಾಕೋ ತಮ್ಮಾ, ನಂದ್ಯಾಕ ಆಗವಲ್ದು?"

"ಸಂಶಯಾಸ್ಪದ ಅಂತ ತೋರಿಸಾಕತ್ತೈತಿಬೇ. ಮನಿಗಿ ಹೋಗು, ಮುಖಾ ತೊಳಕೊಂಡು ಚಲೋ ಸೀರಿ ಉಟ್ಕೊಂಡು ಬಾ."