ಹರಿಯೋ ನೀರಿಗೆ ಬಿಟ್ಟಿದ್ದು

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಹೆಬ್ಬೆಟ್ಟಿನ ಬೆಲೆ ಗೊತ್ತಿರಬೇಕಿತ್ತು. ಎಷ್ಟು ಜನರಿಗೆ ನಾನೇ ಹೇಳಿಲ್ಲ, "ಓದಿಸ್ಕೊಂಡು ಆಮೇಲೆ ಒತ್ತಪ್ಪ" ಅಂತ! ಆದರೂ ಪಾರ್ಕಿನ ವಾಕಿಂಗ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ 'ಭಾನುವಾರ ವೃಷಭಾವತಿ ಸ್ವಚ್ಛತೆ, ಕೆಂಗೇರಿ ಹತ್ತಿರ, ಬೆಳಿಗ್ಗೆ ಆರೂವರೆಗೆ' ಎಂದು ಬಂದಾಗ, ಒಳ್ಳೆಯ ಕೆಲಸ, ಯಾರಾದರೂ ಮಾಡಲಿ ಎಂಬರ್ಥದಲ್ಲಿ ಒಂದು ಹೆಬ್ಬೆಟ್ಟು ಒತ್ತಿಬಿಟ್ಟೆ. ಐದು ನಿಮಿಷಕ್ಕೆ ಪಟ್ಟಿ ಬಂತು. ಏಳನೆಯ ಹೆಸರು ನನ್ನದು. ಟೀಶರ್ಟ್ ಸೈಜ್ ಬೇರೆ ಕೇಳಿದ್ದರು.

"ಅಡುಗೆಮನೆ ಸಿಂಕ್ ಕಟ್ಕೊಂಡು ಮೂರು ದಿನ ಆಯ್ತು," ಎಂದಳು ಹೆಂಡತಿ. "ಇವ್ರು ನದಿ ಕ್ಲೀನ್ ಮಾಡಕ್ಕೆ ಹೊರಟ್ರು."

ವೃಷಭಾವತಿ ಅಂದರೆ ಸಾಮಾನ್ಯಳಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟುತ್ತಾಳೆಂದು ನಂಬಿಕೆ, ಹೆಸರೂ ಅವನದೇ. ಗಾಳಿ ಆಂಜನೇಯನ ಗುಡಿ ದಾಟಿ, ಮೈಸೂರು ರಸ್ತೆಯ ಮಗ್ಗುಲಲ್ಲೇ ಕೆಂಗೇರಿಗೆ ಬಂದು, ಬೈರಮಂಗಲದ ಕೆರೆ ಹೊಕ್ಕು, ಅರ್ಕಾವತಿಯನ್ನು ಸೇರಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಯ ಪಾಲಾಗುತ್ತಾಳೆ. ಈ ದಾರಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬಸ್ಸಿನಲ್ಲಿ ನಿದ್ದೆ ಹೋದರೂ ನಾಯಂಡಹಳ್ಳಿ ಬಂದದ್ದು ಮೂಗಿಗೆ ತಿಳಿಯುತ್ತಿತ್ತು. 2021ರಲ್ಲಿ ಮೆಟ್ರೊ ಕೆಂಗೇರಿವರೆಗೆ ಬಂದ ಮೇಲೆ ಎ.ಸಿ. ಬೋಗಿಯಲ್ಲಿ ಕೂತವರಿಗೆ ನಿಲ್ದಾಣದ ಹೆಸರನ್ನು ಮೈಕಿನಲ್ಲಿ ಹೇಳಬೇಕಾಗಿದೆ.

ಸಂಕ್ರಾಂತಿ ಕಳೆದ ಭಾನುವಾರ. ಚಳಿ. ಟೀಶರ್ಟು ನನ್ನ ಹೊಟ್ಟೆಯ ಅರ್ಧಕ್ಕೆ ಬಂದು ಇನ್ನು ಆಗದು ಎಂದು ನಿಂತಿತು. ಗಂಬೂಟುಗಳ ರಾಶಿಯಲ್ಲಿ ನನಗೆ ಸಿಕ್ಕಿದ ಎರಡೂ ಎಡಗಾಲಿನವು. ನೇರ ಹೆಜ್ಜೆ ಇಟ್ಟರೂ ಬಲಕ್ಕೆ ಹೋಗಬೇಕಾದ ಕಾಲು ಎಡಕ್ಕೇ ಎಳೆಯುತ್ತಿತ್ತು. ಹಾಗೆ ಎಳೆದುಕೊಂಡು ಹೋದ ಒಂದು ಬೂಟು ಹೂಳಿನಲ್ಲಿ ಸಿಕ್ಕಿಕೊಂಡು, ನಾನು ಮುಂದೆ ಬಂದೆ, ಅದು ಬರಲಿಲ್ಲ.

ದಡದಲ್ಲಿ ಕೂತು ಟೀ ಕುಡಿಯುತ್ತಿದ್ದ ಪೌರಕಾರ್ಮಿಕ ಹೆಂಗಸೊಬ್ಬರು ಸ್ವಲ್ಪ ಹೊತ್ತು ನಮ್ಮನ್ನು ನೋಡಿದರು. ನಾಲ್ಕು ಜನ ಸೇರಿ ಒಂದು ಗೋಣಿಚೀಲ ತುಂಬಲು ಪಡುತ್ತಿದ್ದ ಪಾಡು ತಡೆಯಲಾಗದೆ ಎದ್ದು ಬಂದು, "ಸಾರ್, ಚೀಲದ ಬಾಯಿ ಹೊರಕ್ಕೆ ಮಡಚ್ಕೊಳಿ, ಆಗ ನಿಂತ್ಕಂತದೆ" ಎಂದು ಹೇಳಿ, ವಾಪಸ್ ಹೋಗಿ ಟೀ ಮುಂದುವರಿಸಿದರು. ಆಮೇಲೆ ಸರಾಗ.

ಬೇರಿಗೆ ಸುತ್ತಿಕೊಂಡಿದ್ದ ಒಂದು ಸೀರೆಯ ತುದಿ ಸಿಕ್ಕಿತು. ಎಳೆದೆ, ಬಂತು. ಇನ್ನೂ ಎಳೆದೆ, ಇನ್ನೂ ಬಂತು. ಆರು ಜನ ಸೇರಿ ಎಳೆದರೂ ಮುಗಿಯದು. ದುಶ್ಶಾಸನನಿಗೆ ತೋಳು ಸೋತದ್ದು ಯಾಕೆಂದು ಅವತ್ತು ಅರ್ಥವಾಯಿತು, ಪಾಪ. ಕೊನೆಗೆ ನೋಡಿದರೆ ಒಂದಕ್ಕೊಂದು ಹೆಣೆದುಕೊಂಡ ಮೂರು ಸೀರೆ.

ಸೀರೆ ಬಿಟ್ಟುಕೊಟ್ಟ ಜಾಗದಲ್ಲೇ ಒಂದು ಕೆಂಪು ಚೀಲ ಕಂಡಿತು. ತಾಂಬೂಲದ ಚೀಲ. ಕೆಸರು ಒರೆಸಿದೆ. ಚಿನ್ನದ ಬಣ್ಣದ ಗಣಪತಿ. ಅವನ ಕೆಳಗೆ ನನ್ನ ಮಗಳ ಹೆಸರು, ಅಳಿಯನ ಹೆಸರು, ಎರಡು ವರ್ಷದ ಹಿಂದಿನ ಮುಹೂರ್ತ. ಒಂದಕ್ಷರ ಅಳಿಸಿರಲಿಲ್ಲ.

ಬೀಗರ ಕಡೆಯವರೇ ಇರಬೇಕು ಎಂದುಕೊಂಡೆ. ಹೆಣ್ಣಿನ ಅಪ್ಪನ ಮೊದಲ ಯೋಚನೆ ಬೇರೆ ಏನಿರುತ್ತದೆ? ಆದರೆ ಚೀಲ ಭಾರವಾಗಿತ್ತು, ಒಳಗೆ ಗಾಜಿನ ಸದ್ದು. ಆ ಸದ್ದಿಗೆ ನನ್ನ ಎದೆ ಧಸಕ್ಕೆಂದಿತು.

ದೀಪಾವಳಿಗೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಧರ್ಮಸ್ಥಳದ ಮಂಜುನಾಥ ಸ್ವಾಮಿಯ ಫೋಟೊದ ಗಾಜು ಒಡೆದಿತ್ತು. ಒಡೆದದ್ದು ಮನೆಯಲ್ಲಿ ಇರಬಾರದು. ನಾನು ಮದುವೆಯೊಂದಕ್ಕೆ ಮೈಸೂರಿಗೆ ಹೊರಟಿದ್ದೆ. ಮಂಡಿನೋವೆಂದು ಹೆಂಡತಿ ಬರಲಿಲ್ಲ. ಫೋಟೊವನ್ನು ಒಣಗಿದ ಹೂವಿನ ಸಮೇತ ಚೀಲಕ್ಕೆ ಹಾಕಿ, "ಶ್ರೀರಂಗಪಟ್ಟಣದಲ್ಲಿ ಇಳಿದು ಕಾವೇರಿಗೆ ಬಿಟ್ಟು ಹೋಗಿ" ಅಂದಿದ್ದಳು. ನಾನು ಕೆಂಗೇರಿಯಲ್ಲಿ ಬಸ್ಸಿಗೆ ಕಾದೆ. ಬಂದ ಬಸ್ಸು ನಾನ್‌ಸ್ಟಾಪ್. ಸೇತುವೆ ಪಕ್ಕದಲ್ಲೇ ಇತ್ತು. ವೃಷಭಾವತಿಯೂ ಕೊನೆಗೆ ಕಾವೇರಿಗೇ ತಾನೇ ಹೋಗುವುದು? ನೇರ ಬಸ್ಸಿಲ್ಲದಿದ್ದರೆ ಬಿಡದಿಯಲ್ಲಿ ಇಳಿದು ಬದಲಾಯಿಸುವುದಿಲ್ಲವೇ, ಹಾಗೆ ಎಂದು ಸ್ವಾಮಿಯನ್ನು ಅಲ್ಲೇ ಹತ್ತಿಸಿಬಿಟ್ಟೆ.

ವಾಪಸ್ ಬಂದಾಗ ಕೇಳಿದ್ದಳು, "ಬಿಟ್ರಾ?"

"ಬಿಟ್ಟೆ."

"ನೀರು ಚೆನ್ನಾಗಿತ್ತಾ?"

"ಹರೀತಿತ್ತು."

ಯಾವುದೂ ಸುಳ್ಳಲ್ಲ, ಗಮನಿಸಿ. ಆದರೆ ಸ್ವಾಮಿ ಎರಡೂವರೆ ತಿಂಗಳಲ್ಲಿ ಇನ್ನೂರು ಅಡಿ ಕೂಡ ಪ್ರಯಾಣ ಮಾಡಿರಲಿಲ್ಲ.

ಯಾರೂ ನೋಡುವ ಮುಂಚೆ ಚೀಲವನ್ನು ಗೋಣಿಯ ತಳಕ್ಕೆ ತುರುಕಿ, ಮೇಲೆ ಸೀರೆ ಮುಚ್ಚಿದೆ. ಕಥೆ ಮುಗಿಯಿತು ಅಂದುಕೊಂಡೆ. ಈ ಕಾಲದ ಮಕ್ಕಳು ಕಸ ಎತ್ತಿ ಸುಮ್ಮನಾಗುವುದಿಲ್ಲವೆಂದು ನನಗೇನು ಗೊತ್ತು? ಟಾರ್ಪಾಲು ಹಾಸಿ, ಗೋಣಿ ಸುರಿದು, ಯಾವ ಕಂಪನಿಯ ಕಸ ಎಷ್ಟು ಎಂದು ಲೆಕ್ಕ ಬರೆಯುತ್ತಾರಂತೆ. ಬ್ರ್ಯಾಂಡ್ ಆಡಿಟ್! ಬ್ಯಾಂಕಿನಲ್ಲಿ ಆಡಿಟ್ ಅಂದರೆ ಬೆವರುತ್ತಿದ್ದೆ, ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಹಾಲಿನ ಕವರು, ಶಾಂಪೂ ಸ್ಯಾಶೆ, ಗುಟ್ಕಾ ಪೊಟ್ಟಣ ಎಂದು ಒಬ್ಬ ಕೂಗುತ್ತಿದ್ದ, ಒಬ್ಬಳು ಬರೆಯುತ್ತಿದ್ದಳು.

"ಮದುವೆ ಬ್ಯಾಗ್, ಒಂದು," ಎಂದು ಹುಡುಗ ಎತ್ತಿ ಹಿಡಿದು, ವಧೂವರರ ಹೆಸರನ್ನು ಗಟ್ಟಿಯಾಗಿ ಓದಿದ.

ನನ್ನ ಇಬ್ಬರು ವಾಕಿಂಗ್ ಗೆಳೆಯರು ನಿಧಾನವಾಗಿ ನನ್ನ ಕಡೆ ತಿರುಗಿದರು. ಆ ಮದುವೆಯಲ್ಲಿ ಎರಡೆರಡು ಸಲ ಒಬ್ಬಟ್ಟು ಹಾಕಿಸಿಕೊಂಡವರು. ಆದರೆ ತುಟಿ ಬಿಚ್ಚಲಿಲ್ಲ. ಮುಂದಿನ ಗೋಣಿಯಲ್ಲಿ ತಮ್ಮ ಮನೆಯದೇನು ಇದೆಯೋ ಯಾರು ಬಲ್ಲರು?

"ಬಟ್ಟೆ ಚೀಲ ಅಲ್ವಾ, ಅದನ್ನ ಬಿಟ್ಬಿಡಮ್ಮ," ಎಂದೆ. ಪ್ಲಾಸ್ಟಿಕ್ ಬೇಡವೆಂದೇ ಆರುನೂರು ಬಟ್ಟೆ ಚೀಲ ಹಾಕಿಸಿದವನು ನಾನು.

"ಇದು ಬಟ್ಟೆ ಅಲ್ಲ ಅಂಕಲ್, ಪಾಲಿಪ್ರೊಪಿಲೀನ್. ಬಟ್ಟೆ ಥರ ಕಾಣೋ ಪ್ಲಾಸ್ಟಿಕ್," ಎಂದು ಬರೆದುಕೊಂಡಳು.

ಒಳಗಿಂದ ಫೋಟೊ ಹೊರಬಂದದ್ದೇ ಎಲ್ಲರ ಕೈ ನಿಂತಿತು. ಎಂಜಿನಿಯರಿಂಗ್ ಓದಿದ ಮಕ್ಕಳು, ಸತ್ತ ಇಲಿ ಎತ್ತಿದ್ದರು, ಹಾಸಿಗೆ ಎಳೆದಿದ್ದರು. ದೇವರನ್ನು ಕಸದ ಲಾರಿಗೆ ಹಾಕಲು ಒಬ್ಬರಿಗೂ ಧೈರ್ಯವಿಲ್ಲ. ಅರಳೀಮರದ ಬುಡಕ್ಕೆ ಎಂದನೊಬ್ಬ. ಅಲ್ಲಿಂದ ಮಳೆಗೆ ಇಲ್ಲಿಗೇ ಬರುತ್ತೆ ಎಂದಳು ಲೆಕ್ಕದ ಹುಡುಗಿ. ಹಿಂದೆ ತಿರುಗಿಸಿದರೆ ನನ್ನ ಅಪ್ಪನ ಅಕ್ಷರ: 'ಧರ್ಮಸ್ಥಳ, 1987'. ಅಪ್ಪ ಯಾವುದಕ್ಕೂ ಹಿಂದೆ ತಾರೀಖು ಬರೆಯದೆ ಇಡುತ್ತಿರಲಿಲ್ಲ.

"ಅಂಕಲ್, ನೀವೇ ಹಿರಿಯರು. ಏನ್ಮಾಡೋಣ?"

"ಕೊಡಿ," ಎಂದೆ. "ನಾನು ನೋಡ್ಕೋತೀನಿ."

ಹೆಂಡತಿ ನನ್ನನ್ನು ಗೇಟಿನಲ್ಲೇ ನಿಲ್ಲಿಸಿ ಎರಡು ಬಕೆಟ್ ನೀರು ಸುರಿದಳು. ಆಮೇಲೆ ಕಂಕುಳಲ್ಲಿದ್ದುದನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ ಅನ್ನುತ್ತಾರೆ. ಸ್ವಾಮಿ ಎದುರಿಗೇ ಇರುವಾಗ ಸುಳ್ಳು ಹೇಳುವ ಧೈರ್ಯ ಬರಲಿಲ್ಲ, ನಿಜ ಹೇಳುವುದೂ ಬಾಯಿಗೆ ಬರಲಿಲ್ಲ. "ನದೀಲಿ ಸಿಕ್ತು," ಎಂದೆ. ಅದೂ ಸುಳ್ಳಲ್ಲ.

ಸಂಜೆಯೊಳಗೆ ಹೊಸ ಗಾಜು ಹಾಕಿಸಿದಳು. ಸೋಮವಾರ ಬೆಳಿಗ್ಗೆ ಸ್ವಾಮಿ ಹಳೆಯ ಮೊಳೆಗೇ ವಾಪಸ್. ಎದುರು ಮನೆಯ ಆಂಟಿ ತೆಂಗಿನಕಾಯಿ ಹಿಡಿದು ದರ್ಶನಕ್ಕೆ ಬಂದರು, ಹಿಂದೆಯೇ ಮೇಲಿನ ಮನೆಯವರು.

"ಅಲ್ಲಾ, ಶ್ರೀರಂಗಪಟ್ಟಣದಲ್ಲಿ ಬಿಟ್ಟಿದ್ದು ಕೆಂಗೇರಿಗೆ ಹೇಗೆ ಬಂತು?" ಎಂದು ಆಂಟಿ ಬೆರಗಾದರು.

"ಕುಡಿಯೋ ಕಾವೇರೀನ ತೊರೆಕಾಡನಹಳ್ಳಿಯಿಂದ 100 ಕಿಲೋಮೀಟರ್ ಮೇಲಕ್ಕೆ ಬೆಂಗಳೂರಿಗೆ ತರಲ್ವಾ?" ಎಂದಳು ಹೆಂಡತಿ. "ಸ್ವಾಮಿಗೆ ಬರೋದು ಹೆಚ್ಚಾ? ಕಾವೇರಿಗೆ ಬಿಟ್ಟು ಬಂದಿದ್ದು ಇವ್ರೇ. ಬೇಕಾದ್ರೆ ಕೇಳಿ."

ಹಾಗೆಂದು ನನ್ನ ಕಡೆ ನೋಡಿದಳು. ಮೇಲಿನ ಮನೆಯವರು ಬಂದಾಗಲೂ ಅದೇ ಮಾತು, ಅದೇ ನೋಟ. ನನಗೆ ಎರಡು ಸಲವೂ ಕೆಮ್ಮು ಬಂತು.

ಹೊರಟವರಿಗೆಲ್ಲ ಬಾಳೆಹಣ್ಣು, ಕಾಯಿಹೋಳು, ಹೂವು ಪ್ರಸಾದ ಕೊಟ್ಟಳು. ತಾಂಬೂಲದ ಚೀಲದಲ್ಲಿ. ಅಟ್ಟದ ಮೇಲೆ ಇನ್ನೂ ಎಂಬತ್ತು ಇವೆ.