ನಾಲ್ಕೇ ದಿನಕ್ಕೆ ಬೈಕ್ ಏರಿದ ಮಾರ್ಕೆಜ್: ಸರಿಯೇ, ತಪ್ಪೇ?

2020ರ ಜುಲೈ 19ರಂದು ಸ್ಪೇನಿನ ಹೆರೆಸ್ ಟ್ರ್ಯಾಕಿನಲ್ಲಿ ನಡೆದ ಮೋಟೋಜಿಪಿ (ಬೈಕ್ ರೇಸಿನ ಅತ್ಯುನ್ನತ ವಿಶ್ವ ಸರಣಿ) ಓಟದಲ್ಲಿ ಆಗಿನ ವಿಶ್ವ ಚಾಂಪಿಯನ್, ಸ್ಪೇನಿನ ಮಾರ್ಕ್ ಮಾರ್ಕೆಜ್ ಬಿದ್ದು ಬಲತೋಳಿನ ಮೂಳೆ ಮುರಿದುಕೊಂಡರು. 21ರಂದು ಬಾರ್ಸಿಲೋನಾದಲ್ಲಿ ಶಸ್ತ್ರಚಿಕಿತ್ಸೆ ನಡೆದು ಮೂಳೆಗೆ ಟೈಟಾನಿಯಂ ಪ್ಲೇಟ್ ಕೂರಿಸಲಾಯಿತು. 25ರ ಶನಿವಾರ ಅವರು ಅದೇ ಟ್ರ್ಯಾಕಿನಲ್ಲಿ ಮತ್ತೆ ಬೈಕ್ ಮೇಲಿದ್ದರು. ಆ ನಿರ್ಧಾರ ಸರಿಯೇ ಎಂಬ ಪ್ರಶ್ನೆಗೆ ಇಬ್ಬರ ಉತ್ತರ ಇಲ್ಲಿದೆ.

ಪರ: ಆ ಶನಿವಾರವನ್ನು ತೆಗೆದುಹಾಕಿದರೆ ಮಾರ್ಕೆಜ್ ಉಳಿಯುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಮಾರ್ಕೆಜ್‌ನನ್ನು ನಾನು ಏಕವಚನದಲ್ಲಿಯೇ ಕರೆಯುವವನು. 2013ರಲ್ಲಿ ಇಪ್ಪತ್ತರ ಹುಡುಗನೊಬ್ಬ ಮೋಟೋಜಿಪಿಗೆ ಕಾಲಿಟ್ಟ ವರ್ಷವೇ ವಿಶ್ವ ಚಾಂಪಿಯನ್ ಆದದ್ದನ್ನೂ, ಮರುವರ್ಷ ಮೊದಲ ಹತ್ತು ಓಟಗಳನ್ನು ಒಂದನ್ನೂ ಬಿಡದೆ ಗೆದ್ದದ್ದನ್ನೂ ಕಣ್ಣಾರೆ ಕಂಡ ಮೇಲೆ ಬಹುವಚನ ಬಾಯಿಗೆ ಬರುವುದಿಲ್ಲ.

ಕತಲೂನ್ಯಾದ ಸೆರ್ವೆರಾ ಎಂಬ ಸಣ್ಣ ಊರಿನ ಈ ಸವಾರನ ವಿದ್ಯೆ ಏನೆಂದು ತಿಳಿಯದವರು ಮಾತ್ರ ಹೆರೆಸ್‌ನ ಆ ಶನಿವಾರವನ್ನು ಹುಚ್ಚಾಟ ಎನ್ನುತ್ತಾರೆ. ತಿರುವಿನಲ್ಲಿ ಬೈಕ್ ನೆಲಕ್ಕೆ ಒರಗಿರುವಾಗ ಮುಂದಿನ ಟೈರು ಹಿಡಿತ ಕಳೆದುಕೊಂಡರೆ ಬೇರೆ ಯಾರಿಗಾದರೂ ಅದು ಬಿದ್ದಂತೆಯೇ ಲೆಕ್ಕ. ಮಾರ್ಕೆಜ್ ಮಾತ್ರ ಆ ಕ್ಷಣದಲ್ಲಿ ಮೊಣಕಾಲನ್ನೂ ಮೊಣಕೈಯನ್ನೂ ಡಾಂಬರಿಗೆ ಒತ್ತಿ, ಜಾರುತ್ತಿರುವ ಬೈಕನ್ನು ಮೇಲಕ್ಕೆತ್ತಿ, ಏನೂ ಆಗಲಿಲ್ಲವೆಂಬಂತೆ ಮುಂದಕ್ಕೆ ಹೋಗುತ್ತಾನೆ. ಇದನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಅಂಚು ಎಲ್ಲಿದೆ ಎಂದು ತಿಳಿಯಲು ಅಂಚನ್ನು ದಾಟಿ ಬೀಳಬೇಕು, ಎದ್ದು ಮತ್ತೆ ಅಲ್ಲಿಗೇ ಹೋಗಬೇಕು. 2017ರಲ್ಲಿ ಆತ ಇಡೀ ವರ್ಷದಲ್ಲಿ 27 ಬಾರಿ ಬಿದ್ದ, ಆ ವರ್ಷದ ಪ್ರಶಸ್ತಿಯೂ ಆತನದೇ. ಆ 27 ಬೀಳುವಿಕೆಗಳನ್ನು ತೆಗೆದುಹಾಕಿ ಪ್ರಶಸ್ತಿಯನ್ನು ಮಾತ್ರ ಇಟ್ಟುಕೊಳ್ಳಲು ಬರುವುದಿಲ್ಲ.

ಮುರಿದ ತೋಳಿನ ವಿಷಯವೂ ಹಾಗೆಯೇ. ಆತ ಗೋಡೆ ಹಾರಿ ಟ್ರ್ಯಾಕಿಗೆ ಬಂದವನಲ್ಲ, ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದವನು. ಶನಿವಾರದ ಅಭ್ಯಾಸದಲ್ಲಿ ಓಡಿಸಿ ನೋಡಿದ, ಅರ್ಹತಾ ಸುತ್ತಿನ ಹೊತ್ತಿಗೆ ತೋಳಿನಲ್ಲಿ ಬಲ ಸಾಲದೆಂದು ತಿಳಿದು ತಾನೇ ನಿಲ್ಲಿಸಿದ. ಹುಚ್ಚನಾಗಿದ್ದರೆ ಭಾನುವಾರವೂ ಓಡಿಸುತ್ತಿರಲಿಲ್ಲವೇ? ಮುಂದೆ ತೋಳಿನ ಪ್ಲೇಟ್ ಹಾಳಾದದ್ದು ಆ ಶನಿವಾರದ ಸವಾರಿಯಿಂದ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ಹಾಳಾದದ್ದು ಟ್ರ್ಯಾಕಿನಲ್ಲಲ್ಲ, ಮನೆಯಲ್ಲಿ, ದೊಡ್ಡ ಬಾಗಿಲೊಂದನ್ನು ತೆರೆಯುವಾಗ. ಹಾಗಾದರೆ ಚಾಂಪಿಯನ್ ಆದವನು ಬಾಗಿಲನ್ನೂ ತೆರೆಯಬಾರದು ಎಂಬುದು ಎದುರು ಪಕ್ಷದವರ ಸಲಹೆಯೇ? ಅವರ ಮಾತಿನಂತೆ ನಡೆದರೆ ರೇಸಿಗೆ ಮುನ್ನ ಸವಾರರೆಲ್ಲ ಕಷಾಯ ಕುಡಿದು, ಕಂಬಳಿ ಹೊದ್ದು, ರಾಹುಕಾಲ ನೋಡಿಕೊಂಡು ಹೊರಡಬೇಕಾಗುತ್ತದೆ.

ಇದೇನೂ ಆತ ಹೊಸದಾಗಿ ಹುಟ್ಟುಹಾಕಿದ ಪದ್ಧತಿಯಲ್ಲ. 2013ರ ಜೂನ್‌ನಲ್ಲಿ ನೆದರ್ಲೆಂಡ್ಸಿನ ಆಸೆನ್‌ನಲ್ಲಿ ಆತನ ದೇಶದವನೇ ಆದ ಹೊರ್ಹೆ ಲೊರೆಂಜೊ ಗುರುವಾರ ಬಿದ್ದು ಕೊರಳೆಲುಬು ಮುರಿದುಕೊಂಡು, ಬಾರ್ಸಿಲೋನಾಕ್ಕೆ ಹಾರಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಹಿಂದಿರುಗಿ ಶನಿವಾರದ ಓಟದಲ್ಲಿ ಐದನೆಯವನಾಗಿ ಮುಗಿಸಿದ. ಅಂದು ಇಡೀ ಲೋಕ ಚಪ್ಪಾಳೆ ತಟ್ಟಿತು. ಫಲ ಸಿಕ್ಕರೆ ಶೌರ್ಯ, ಸಿಗದಿದ್ದರೆ ಮೂರ್ಖತನ ಎಂಬ ಇಬ್ಬಗೆಯ ತಕ್ಕಡಿ ನನಗೆ ಒಪ್ಪಿಗೆಯಿಲ್ಲ.

ಇಲ್ಲಿ 2023ರ ಸೆಪ್ಟೆಂಬರ್ ತಿಂಗಳನ್ನು ಹೇಳದೆ ಮುಂದೆ ಹೋಗಲಾರೆ. ಗ್ರೇಟರ್ ನೋಯ್ಡಾದ ಬುದ್ಧ್ ಟ್ರ್ಯಾಕಿಗೆ ಮೋಟೋಜಿಪಿ ಬಂದಾಗ ನಾನು ನನ್ನ ಭಾವನನ್ನು ಕಟ್ಟಿಕೊಂಡು ಬೆಂಗಳೂರಿನಿಂದ ರೈಲಿನಲ್ಲಿ ಹೋದೆ. ಭಾವ ಹಂಪ್ ಕಂಡರೆ ಐವತ್ತು ಅಡಿ ಮೊದಲೇ ಬ್ರೇಕ್ ಹಿಡಿಯುವ ಜನ, ನನ್ನ ಒತ್ತಾಯಕ್ಕೆ ಬಂದಿದ್ದರು. ಬಿಸಿಲು ಎಷ್ಟಿತ್ತೆಂದರೆ ಭಾನುವಾರದ ಓಟವನ್ನು 24 ಸುತ್ತಿನಿಂದ 21ಕ್ಕೆ ಇಳಿಸಿದರು, ಕುಳಿತ ಕಡೆಯಲ್ಲಿಯೇ ನಮ್ಮ ತಲೆ ಸುತ್ತುತ್ತಿತ್ತು. ಶನಿವಾರದ ಸ್ಪ್ರಿಂಟ್‌ನಲ್ಲಿ, ಅಂದರೆ ಅರ್ಧ ದೂರದ ಚಿಕ್ಕ ಓಟದಲ್ಲಿ, ಮಾರ್ಕೆಜ್ ಆಗ ಯಾರಿಗೂ ಬೇಡವಾಗಿದ್ದ ಆ ಹೋಂಡಾ ಬೈಕಿನಲ್ಲಿ ಮೂರನೆಯವನಾದ. ಭಾನುವಾರ ಮುಂದಿನವರ ಜೊತೆಗೇ ಇದ್ದವನು ಬಿದ್ದ. "ಮುಗಿಯಿತಲ್ಲಪ್ಪ, ಇನ್ನು ನೀರು ಕುಡಿದು ನೆರಳಿಗೆ ಹೋಗೋಣ, ಏಳು," ಎಂದು ಭಾವ ಟವೆಲ್ ಕೊಡವಿದರು. ನಾನು ಏಳಲಿಲ್ಲ. ಆತ ಬೈಕನ್ನು ಎತ್ತಿ ಹೊರಟಿದ್ದ. ಒಬ್ಬೊಬ್ಬರನ್ನೇ ಹಿಡಿಯುತ್ತ ಬಂದವನು ಕೊನೆಗೆ ಒಂಬತ್ತನೆಯ ಸ್ಥಾನಕ್ಕೆ ತಲುಪಿದ. ಒಂಬತ್ತನೆಯವನಿಗೆ ಸಿಗುವುದು ಏಳೇ ಏಳು ಅಂಕ, ಪೋಡಿಯಂ ಇಲ್ಲ, ಶಾಂಪೇನ್ ಇಲ್ಲ. ಎಂಟು ಬಾರಿಯ ವಿಶ್ವ ಚಾಂಪಿಯನ್ ಆ ಏಳು ಅಂಕಕ್ಕೆ ಆ ಬಿಸಿಲಿನಲ್ಲಿ ಹಾಗೆ ಹೋರಾಡುವುದನ್ನು ನೋಡಿ ಭಾವ ಬಹಳ ಹೊತ್ತು ಸುಮ್ಮನಿದ್ದರು. ರೈಲಿನಲ್ಲಿ, ನಾಗಪುರ ದಾಟಿದ ಮೇಲೆ ಇರಬೇಕು, "ಅವನಿಗೆ ನಿಲ್ಲಿಸು ಅನ್ನೋಕೆ ಯಾರೂ ಇಲ್ವೇನೋ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ.

ಅದೇ ವರ್ಷದ ಕೊನೆಗೆ ಆತ ಹೋಂಡಾದೊಂದಿಗಿನ ಒಪ್ಪಂದ ಇನ್ನೂ ಒಂದು ವರ್ಷ ಇರುವಾಗಲೇ ಹೊರಬಂದು, ಗ್ರೆಸೀನಿ ಎಂಬ ಚಿಕ್ಕ ತಂಡದ, ಹಿಂದಿನ ವರ್ಷದ ಡುಕಾಟಿಯನ್ನು ಏರಿದ. ಮರುವರ್ಷ ಡುಕಾಟಿಯ ಮುಖ್ಯ ತಂಡಕ್ಕೆ ಹೋದ. 2025ರ ಸೆಪ್ಟೆಂಬರ್ 28ರಂದು ಜಪಾನಿನ ಮೊಟೆಗಿಯಲ್ಲಿ, ಅದೂ ಹೋಂಡಾದ ಸ್ವಂತ ಟ್ರ್ಯಾಕಿನಲ್ಲಿ, ಇನ್ನೂ ಐದು ಓಟಗಳು ಬಾಕಿಯಿರುವಾಗಲೇ ಒಂಬತ್ತನೆಯ ವಿಶ್ವ ಪ್ರಶಸ್ತಿಯನ್ನು ಗೆದ್ದ. ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ನಡುವೆ 2,184 ದಿನಗಳು. ಅಷ್ಟು ದಿನ ಆತನನ್ನು ಬೈಕಿನ ಮೇಲೆ ಉಳಿಸಿದ ಹಟವೇ ಹೆರೆಸ್‌ನಲ್ಲಿ ನಾಲ್ಕನೆಯ ದಿನಕ್ಕೆ ಆತನನ್ನು ಬೈಕಿಗೆ ಏರಿಸಿದ್ದು. ಒಂದು ಬೇಕು, ಇನ್ನೊಂದು ಬೇಡ ಎನ್ನಲು ಅದು ಹಣ್ಣಿನಂಗಡಿಯಲ್ಲ.

ವಿರೋಧ: ಒಂದು ಓಟ ಬಿಡಬಹುದಿತ್ತು

ಈ ಬದಿಯನ್ನು ನಾನು ಆರಿಸಿಕೊಂಡದ್ದಲ್ಲ, ನನಗೆ ವಹಿಸಿದ್ದು. 2020ರ ಆ ಶನಿವಾರ ಮಾರ್ಕೆಜ್ ಬೈಕ್ ಏರಿದ ಚಿತ್ರವನ್ನು ಗೆಳೆಯರಿಗೆಲ್ಲ ಕಳುಹಿಸಿದವರಲ್ಲಿ ನಾನೂ ಒಬ್ಬ. ಆದರೂ ಲೆಕ್ಕ ಹಾಕಿ ನೋಡಿದರೆ ಆ ನಿರ್ಧಾರವನ್ನು ಸಮರ್ಥಿಸುವುದು ಕಷ್ಟ.

ಪರವಾಗಿ ಬರೆದವರು ಲೊರೆಂಜೊ ಅವರ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ. ಆಸೆನ್‌ನಲ್ಲಿ ಐದನೆಯವರಾಗಿ ಬಂದ ಲೊರೆಂಜೊ ಎರಡು ವಾರಗಳ ನಂತರ ಜರ್ಮನಿಯ ಸಾಕ್ಸೆನ್‌ರಿಂಗ್‌ನಲ್ಲಿ ಮತ್ತೆ ಬಿದ್ದರು, ಕೊರಳೆಲುಬಿಗೆ ಹಾಕಿದ್ದ ಪ್ಲೇಟ್ ಬಾಗಿತು, ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಯಿತು, ಆ ಓಟ ಕೈತಪ್ಪಿತು. ವರ್ಷದ ಕೊನೆಗೆ ಅವರಿಗೆ 330 ಅಂಕಗಳಿದ್ದವು. ನಾಲ್ಕೇ ಅಂಕ ಹೆಚ್ಚು ಪಡೆದು ಪ್ರಶಸ್ತಿ ಗೆದ್ದವರು ಬೇರೆ ಯಾರೂ ಅಲ್ಲ, ಮಾರ್ಕ್ ಮಾರ್ಕೆಜ್. ಹೊಸ ಪ್ಲೇಟ್ ಹಾಕಿದ ಮೂಳೆ ಎಷ್ಟು ದುರ್ಬಲವೆಂಬುದನ್ನು ಅಷ್ಟು ಹತ್ತಿರದಿಂದ ಕಂಡವರು, ಅದರಿಂದ ಲಾಭವನ್ನೂ ಪಡೆದವರು, ಏಳು ವರ್ಷಗಳ ನಂತರ ಅದೇ ದಾರಿ ಹಿಡಿದರು.

ಬಾಗಿಲಿನ ಮಾತು ಕೇಳಲು ಚೆನ್ನಾಗಿದೆ. ನಾಲ್ಕು ದಿನಗಳ ಹಿಂದೆ ಸ್ಕ್ರೂ ಹಾಕಿದ ತೋಳು ಮುನ್ನೂರು ಕಿಲೋಮೀಟರ್ ವೇಗದಿಂದ ಬ್ರೇಕ್ ಹಿಡಿಯುವಾಗ ಸವಾರನ ಭಾರವನ್ನೆಲ್ಲ ಹೊರಬೇಕು. ಹೆರೆಸ್‌ನ 13 ತಿರುವುಗಳಲ್ಲಿ 8 ಬಲಕ್ಕೆ, ಮುರಿದದ್ದೂ ಬಲತೋಳು. ಆ ಒತ್ತಡದಲ್ಲಿ ಸೋತಿದ್ದ ಪ್ಲೇಟ್ ಬಾಗಿಲು ತೆರೆಯುವ ಹೊತ್ತಿಗೆ ಕೈಕೊಟ್ಟಿತು ಎನ್ನುವುದೇ ಸಹಜವಾದ ವಿವರಣೆ. ಆಗಸ್ಟ್ 3ರಂದು ಎರಡನೆಯ ಶಸ್ತ್ರಚಿಕಿತ್ಸೆ ನಡೆಯಿತು. ಮೂಳೆ ಕೂಡಲಿಲ್ಲ. ಡಿಸೆಂಬರ್‌ನಲ್ಲಿ ಮೂರನೆಯದು, ಸೊಂಟದ ಮೂಳೆಯ ತುಣುಕನ್ನು ತಂದು ತೋಳಿಗೆ ಕೂರಿಸಬೇಕಾಯಿತು, ಒಳಗೆ ಸೋಂಕು ಇದ್ದದ್ದೂ ಆಗ ತಿಳಿಯಿತು. 2022ರ ಜೂನ್‌ನಲ್ಲಿ ಅಮೆರಿಕದಲ್ಲಿ ನಾಲ್ಕನೆಯದು, ತಿರುಚಿಕೊಂಡು ಕೂಡಿದ್ದ ಮೂಳೆಯನ್ನು ಕತ್ತರಿಸಿ, ಸುಮಾರು ಮೂವತ್ತು ಡಿಗ್ರಿ ತಿರುಗಿಸಿ ಮತ್ತೆ ಜೋಡಿಸಿದರು.

ಇದಕ್ಕೆ ಪ್ರತಿಯಾಗಿ ಗಳಿಸಲು ಹೊರಟದ್ದಾದರೂ ಎಷ್ಟು? ಹೆರೆಸ್‌ನ ಎರಡನೆಯ ಓಟ ಜುಲೈ 26ಕ್ಕೆ, ಅದರ ಮುಂದಿನದು ಆಗಸ್ಟ್ 9ಕ್ಕೆ ಚೆಕ್ ದೇಶದ ಬರ್ನೋದಲ್ಲಿ. ಒಂದೇ ಒಂದು ಓಟವನ್ನು ಬಿಟ್ಟಿದ್ದರೆ ಮೂಳೆಗೆ ಎರಡು ವಾರ ಸಿಗುತ್ತಿತ್ತು. ಆ ವರ್ಷದ 14 ಓಟಗಳಲ್ಲಿ ಹೊವಾನ್ ಮೀರ್ ಪ್ರಶಸ್ತಿ ಗೆದ್ದದ್ದು 171 ಅಂಕಗಳಿಂದ. 2019ರಲ್ಲಿ ಮಾರ್ಕೆಜ್ 19 ಓಟಗಳಲ್ಲಿ 420 ಅಂಕ ಗಳಿಸಿದ್ದರು, ಅಂದರೆ ಓಟಕ್ಕೆ ಇಪ್ಪತ್ತೆರಡರ ಸರಾಸರಿ. ಆ ಲೆಕ್ಕದಲ್ಲಿ ಎಂಟು ಓಟಗಳು ಸಾಕಾಗುತ್ತಿದ್ದವು. ಗಾಯಗೊಂಡ ಸವಾರನಿಗೆ ಆ ಸರಾಸರಿ ಸಿಗುವುದಿಲ್ಲವೆಂದು ನನಗೂ ಗೊತ್ತು, ಇದು ಕಾಗದದ ಮೇಲಿನ ಗಣಿತ. ಮೀರ್ ಅಷ್ಟು ಕಡಿಮೆ ಅಂಕಕ್ಕೆ ಗೆಲ್ಲುತ್ತಾರೆಂದು ಜುಲೈ ತಿಂಗಳಲ್ಲಿ ಯಾರೂ ಊಹಿಸಿರಲಿಲ್ಲ ಎಂಬುದೂ ನಿಜ. ಆದರೆ ಸರಣಿಯ ಒಂದು ಓಟ ಮಾತ್ರ ಮುಗಿದಿತ್ತು, ಅಷ್ಟು ಅವಸರ ಬೇಕಿರಲಿಲ್ಲ.

2021ರಲ್ಲಿ ಹಿಂದಿರುಗಿದ ಮೇಲೆ ಅವರು ಗೆದ್ದ ಮೂರು ಓಟಗಳನ್ನು ಅಭಿಮಾನಿಗಳು ಎತ್ತಿ ತೋರಿಸುತ್ತಾರೆ. 581 ದಿನಗಳ ನಂತರದ ಮೊದಲ ಗೆಲುವು ಸಾಕ್ಸೆನ್‌ರಿಂಗ್‌ನಲ್ಲಿ, ಎರಡನೆಯದು ಅಮೆರಿಕದ ಆಸ್ಟಿನ್‌ನಲ್ಲಿ. ಎರಡೂ ಎಡಕ್ಕೆ ಸುತ್ತುವ ಟ್ರ್ಯಾಕುಗಳು, ಸಾಕ್ಸೆನ್‌ರಿಂಗ್‌ನಲ್ಲಂತೂ ಹತ್ತು ತಿರುವು ಎಡಕ್ಕೆ, ಮೂರು ಮಾತ್ರ ಬಲಕ್ಕೆ. ಮೂರರಲ್ಲಿ ಎರಡನ್ನು ಬಲತೋಳನ್ನು ಕಾಯ್ದುಕೊಳ್ಳಲು ಸಾಧ್ಯವಿದ್ದ ಕಡೆ ಗೆದ್ದರು ಎಂಬುದು ಅವರ ಪ್ರತಿಭೆಗೂ ಸಾಕ್ಷಿ, ಕಳೆದುಕೊಂಡದ್ದಕ್ಕೂ ಸಾಕ್ಷಿ. ಮುರಿದಾಗ ಅವರಿಗೆ 27 ವರ್ಷ. ಸವಾರನೊಬ್ಬನ ಅತ್ಯುತ್ತಮ ವರ್ಷಗಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಹೋದವು.

ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾದರಲ್ಲ ಎನ್ನುವುದು ಸಮರ್ಥನೆಯಲ್ಲ, ಅದೇ ನನ್ನ ಆಕ್ಷೇಪ. ಭಯ ಕಾಣದಿರುವುದು ಸವಾರನ ವೃತ್ತಿಯ ಬಂಡವಾಳ, ಆದ್ದರಿಂದ ಓಡಿಸಬಲ್ಲೆಯಾ ಎಂದು ಅವನನ್ನೇ ಕೇಳಿದರೆ ಬರುವ ಉತ್ತರ ಒಂದೇ. ಬೇಡ ಎನ್ನಬೇಕಾದವರು ಸುತ್ತಲಿನವರು. ಅಷ್ಟು ಬೇಗ ಮರಳಿದ್ದು ತಪ್ಪಾಗಿತ್ತೆಂದು ಮಾರ್ಕೆಜ್ ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. ಅಭಿಮಾನಿಗಳು ಅವರಿಗಿಂತಲೂ ಮುಂದೆ ಹೋಗಿ ಅದನ್ನು ಸಮರ್ಥಿಸುವ ಅಗತ್ಯ ನನಗೆ ಕಾಣುವುದಿಲ್ಲ. ರೈಲಿನಲ್ಲಿ ಆ ಭಾವ ಕೇಳಿದ ಪ್ರಶ್ನೆಯೂ ಇದೇ.

2025ರ ಅಕ್ಟೋಬರ್ 5ರಂದು, ಪ್ರಶಸ್ತಿ ಗೆದ್ದ ಮರುವಾರವೇ, ಇಂಡೊನೇಷ್ಯಾದ ಮಂಡಲಿಕಾದಲ್ಲಿ ಇಟಲಿಯ ಸವಾರ ಮಾರ್ಕೊ ಬೆಜೆಕ್ಕಿ ಅವರ ಬೈಕ್ ತಗುಲಿ ಮಾರ್ಕೆಜ್ ಮತ್ತೆ ಬಿದ್ದರು, ಅದೇ ಬಲಗೈಯ ಭುಜಕ್ಕೆ ಪೆಟ್ಟಾಯಿತು. ಈ ಬಾರಿ ಅವಸರ ಮಾಡಲಿಲ್ಲ. ಉಳಿದಿದ್ದ ನಾಲ್ಕೂ ಓಟಗಳನ್ನು ಬಿಟ್ಟು ಮನೆಯಲ್ಲಿಯೇ ಉಳಿದರು. ಪ್ರಶಸ್ತಿ ಆಗಲೇ ಕೈಯಲ್ಲಿತ್ತು, ಅದಿಲ್ಲದಿದ್ದರೆ ಆಗಲೂ ನಾಲ್ಕನೆಯ ದಿನಕ್ಕೆ ಬೈಕ್ ಏರುತ್ತಿದ್ದರು ಎಂದು ಪರ ಬರೆದವರು ಹೇಳಬಹುದು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.